ಸರ್ಟಿಫಿಕೇಟ್ ಗೋಡೆಯ ಮೇಲೆ, ಕಲಿತದ್ದು ಎಲ್ಲಿ?



‘ಅಭ್ಯಾಸ’ ಎಂಬ ಪದಕ್ಕೆ ಕನ್ನಡದಲ್ಲಿ ಮೂರು ಅರ್ಥಗಳಿವೆ. ವಿದ್ಯಾಭ್ಯಾಸ ಎಂದಾಗ ಅದು ಓದು, ಕಲಿಕೆ. ಸಂಗೀತಾಭ್ಯಾಸ ಎಂದಾಗ ಕಲಿತದ್ದನ್ನು ಮತ್ತೆ ಮತ್ತೆ ಹಾಡಿ ನೋಡುವುದು. ‘ಅಜ್ಜನಿಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ’ ಎಂದಾಗ ರೂಢಿ. ತರಗತಿಯಲ್ಲಿ ನಾನಾರ್ಥ ಪದಗಳ ಪಾಠ ಬಂದಾಗ ಈ ಮೂರನ್ನೂ ಹಲಗೆಯ ಮೇಲೆ ಬರೆದು, ನಾವು ಮುಂದಿನ ಪದಕ್ಕೆ ಹೋಗಿಬಿಡುತ್ತಿದ್ದೆವು. ಈ ಮೂರು ಅರ್ಥಗಳು ಒಂದೇ ಪದದಲ್ಲಿ ಏಕೆ ಸೇರಿಕೊಂಡಿವೆ ಎಂದು ಕುವೈತಿನ ಈ ಶಾಲೆಯಲ್ಲಿ ಕನ್ನಡ ಕಲಿಸುವ ನಾವು ಮೂವರು ಶಿಕ್ಷಕಿಯರು ಯೋಚಿಸಿದ್ದು ಕಳೆದ ವರ್ಷ. ಅದೂ ಕ್ಯಾಂಟೀನಿನಲ್ಲಿ ನಡೆದ ಒಂದು ಘಟನೆಯ ನಂತರ.

ಕ್ಯಾಂಟೀನಿನಲ್ಲಿ ನಡೆದದ್ದು

ಅಕ್ಟೋಬರ್ ತಿಂಗಳ ಒಂದು ಶನಿವಾರ ಶಾಲೆಯ ಸಿಬ್ಬಂದಿಗೆಲ್ಲ ಪ್ರಥಮ ಚಿಕಿತ್ಸೆಯ ತರಬೇತಿ ಇತ್ತು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ. ಬಂದವರು ಚೆನ್ನಾಗಿಯೇ ಕಲಿಸಿದರು, ಆ ವಿಷಯದಲ್ಲಿ ದೂರಿಲ್ಲ. ಪರದೆಯ ಮೇಲೆ ಚಿತ್ರಗಳು, ನಡುನಡುವೆ ನಗೆ, ಮಧ್ಯಾಹ್ನ ಬಿರಿಯಾನಿ ಪೊಟ್ಟಣ. ನಲವತ್ತು ಜನಕ್ಕೆ ಒಂದೇ ಗೊಂಬೆ ಇದ್ದುದರಿಂದ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕಿರಬಹುದು. ಕೊನೆಗೆ ಇಪ್ಪತ್ತು ಪ್ರಶ್ನೆಗಳ ಪರೀಕ್ಷೆ. ನಾವೆಲ್ಲರೂ ಪಾಸು. ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟುಗಳು ಸ್ಟಾಫ್ ರೂಮಿನ ಗೋಡೆ ಏರಿದವು.

ಫೆಬ್ರವರಿಯಲ್ಲಿ ಒಂದು ದಿನ ಬಿಡುವಿನ ವೇಳೆ ನಮ್ಮಲ್ಲಿ ಇಬ್ಬರು ಕ್ಯಾಂಟೀನಿನ ಉಸ್ತುವಾರಿಯಲ್ಲಿದ್ದೆವು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ. ಎರಡೂ ಕೈ ಕುತ್ತಿಗೆಯ ಮೇಲೆ. ಕೆಮ್ಮಿಲ್ಲ, ಅಳುವಿಲ್ಲ, ಶಬ್ದವೇ ಇಲ್ಲ. ಡಬ್ಬಿಯಲ್ಲಿ ದ್ರಾಕ್ಷಿ ಇತ್ತು. ಇದು ಏನೆಂದು ನಮಗೆ ಗೊತ್ತಾಯಿತು. ಪರದೆಯ ಮೇಲೆ ನೋಡಿದ ಚಿತ್ರವೂ ಕಣ್ಣ ಮುಂದೆ ಬಂತು. ಆದರೆ ಕೈ ಏಳಲಿಲ್ಲ. ನಮ್ಮಲ್ಲಿ ಒಬ್ಬರು ನೀರು ತರಲು ಓಡಿದೆವು. ಅದು ತಪ್ಪು, ಉಸಿರು ಕಟ್ಟಿದವರಿಗೆ ನೀರು ಕುಡಿಸಬಾರದು ಎಂದು ಅದೇ ತರಬೇತಿಯಲ್ಲಿ ಹೇಳಿದ್ದರು. ಇನ್ನೊಬ್ಬರು ‘ಮೊದಲು ಬೆನ್ನಿಗೋ, ಹೊಟ್ಟೆಗೋ’ ಎಂದು ಯೋಚಿಸುತ್ತಾ ನಿಂತೆವು.

ಅಷ್ಟರಲ್ಲಿ ಸ್ಕೂಲ್ ಬಸ್ಸಿನ ಆಯಾ ಅಕ್ಕ ಬಂದರು. ಅವರು ಕಾರ್ಕಳದ ಕಡೆಯವರು, ಏಳನೆಯ ತರಗತಿಯವರೆಗೆ ಓದಿದವರು. ಹುಡುಗನನ್ನು ಮುಂದಕ್ಕೆ ಬಾಗಿಸಿ, ಒಂದು ಕೈಯಲ್ಲಿ ಎದೆಗೆ ಆಸರೆ ಕೊಟ್ಟು, ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ ಬಲವಾಗಿ ಹೊಡೆದರು. ನಾಲ್ಕನೆಯ ಹೊಡೆತಕ್ಕೆ ದ್ರಾಕ್ಷಿ ಹೊರಗೆ ಬಿತ್ತು. ಹುಡುಗ ಜೋರಾಗಿ ಅತ್ತ. ಅಷ್ಟು ಇಂಪಾದ ಅಳುವನ್ನು ನಾವು ಕೇಳಿರಲಿಲ್ಲ.

ಸಂಜೆ ಅವರು ಕೇಳಿದರು: “ನಿಮಗೂ ಕ್ಲಾಸ್ ಆಗಿತ್ತಲ್ಲ ಟೀಚರ್?” ಆಕ್ಷೇಪಣೆಯ ದನಿಯಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಅವರು ಹಿಂದೆ ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದರಂತೆ. ಅಲ್ಲಿ ಪ್ರತಿ ವಾರ ಮಕ್ಕಳು ಮಲಗಿದ ಮೇಲೆ ಐದು ನಿಮಿಷ ಗೊಂಬೆ ಹಿಡಿದು ಇದನ್ನು ಮಾಡಿಸುತ್ತಿದ್ದರಂತೆ. “ಮೂರು ವರ್ಷ ಮಾಡಿದ್ದು ಟೀಚರ್. ಬೇಜಾರು ಬರ್ತಿತ್ತು. ಈಗ ಕೈ ತಾನಾಗಿಯೇ ಹೋಯ್ತು” ಎಂದರು.

ಕೈ ತಾನಾಗಿಯೇ ಹೋಯಿತು. ಕನ್ನಡದಲ್ಲಿ ಇಂಥ ಮಾತುಗಳು ಎಷ್ಟಿವೆ ನೋಡಿ: ಕೈ ಪಳಗಿತು, ಕೈಗೆ ಹತ್ತಿತು, ಮೈಗೂಡಿತು, ಬಾಯಿಪಾಠವಾಯಿತು. ತಲೆಗೆ ಹತ್ತುವುದು ಒಂದು, ಕೈಗೆ ಹತ್ತುವುದು ಇನ್ನೊಂದು. ನಮ್ಮದು ತಲೆಗೆ ಹತ್ತಿತ್ತು, ಅದೂ ಪರೀಕ್ಷೆ ಮುಗಿಯುವವರೆಗೆ.

ಮರೆವಿನ ಲೆಕ್ಕ

ಕಲಿತದ್ದು ಎಷ್ಟು ಬೇಗ ಜಾರುತ್ತದೆ ಎಂದು ಮೊದಲು ಅಳೆದು ನೋಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ಪ್ರಯೋಗಕ್ಕೆ ಅವರು ಬೇರೆ ಯಾರನ್ನೂ ಹುಡುಕಲಿಲ್ಲ, ತಮ್ಮ ಮೇಲೆಯೇ ಮಾಡಿಕೊಂಡರು. ಅರ್ಥವಿಲ್ಲದ ಪುಟ್ಟ ಪುಟ್ಟ ಉಚ್ಚಾರಗಳ ಪಟ್ಟಿಗಳನ್ನು ತಪ್ಪಿಲ್ಲದೆ ಹೇಳುವವರೆಗೆ ಬಾಯಿಪಾಠ ಮಾಡುವುದು, ಸ್ವಲ್ಪ ಕಾಲ ಬಿಟ್ಟು ಅದನ್ನೇ ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಸಮಯ ಉಳಿಯಿತು ಎಂದು ಲೆಕ್ಕ ಹಾಕುವುದು. ಇದು ಅವರ ವಿಧಾನ.

ಉದಾಹರಣೆಗೆ, ಮೊದಲ ಸಲ ಕಲಿಯಲು 100 ನಿಮಿಷ ಹಿಡಿಯಿತು ಎಂದುಕೊಳ್ಳೋಣ. ಅವರ ಲೆಕ್ಕದ ಪ್ರಕಾರ ಸುಮಾರು 20 ನಿಮಿಷ ಬಿಟ್ಟು ಮತ್ತೆ ಕಲಿತರೆ 58 ನಿಮಿಷ ಉಳಿತಾಯ. ಒಂದು ಗಂಟೆ ಬಿಟ್ಟರೆ 44. ಒಂದು ದಿನ ಬಿಟ್ಟರೆ 34. ಆರು ದಿನಕ್ಕೆ 25. ಒಂದು ತಿಂಗಳಿಗೆ 21. ಹೈಸ್ಕೂಲಿನ ವಿದ್ಯಾರ್ಥಿಗಳು ಈ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ನೋಡಿರಿ. ಮೊದಲ ಗಂಟೆಯಲ್ಲಿ ಗೆರೆ ಬಾವಿಗೆ ಬಿದ್ದ ಕೊಡದಂತೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ತಿಂಗಳಾದ ಮೇಲೂ ಅದು ಸೊನ್ನೆಗೆ ಮುಟ್ಟುವುದಿಲ್ಲ ಎನ್ನುವುದೂ ಗಮನಿಸಬೇಕಾದ ಸಂಗತಿ. ‘ಎಲ್ಲಾ ಮರೆತೇ ಹೋಯ್ತು’ ಎಂದು ನಾವು ಹೇಳುವಾಗಲೂ ಒಳಗೆ ಸ್ವಲ್ಪ ಉಳಿದಿರುತ್ತದೆ. ಎರಡನೆಯ ಸಲ ಕಲಿಯುವಾಗ ಅದು ಕೈ ಹಿಡಿಯುತ್ತದೆ.

ಅರ್ಥವಿರುವ ಪಾಠ ಇಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೆ ಗೆರೆಯ ಆಕಾರ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಎಬ್ಬಿಂಗ್‌ಹೌಸ್ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗಲೂ ಬಹುಮಟ್ಟಿಗೆ ಅದೇ ಗೆರೆ ಬಂದಿತು.

ಎದೆಯನ್ನು ಒತ್ತಿ ಹೃದಯಕ್ಕೆ ನೆರವಾಗುವ ಸಿಪಿಆರ್ ವಿಷಯದಲ್ಲಿಯೂ ಇದೇ ಕಥೆ. ನಮ್ಮ ಪೋಷಕರಲ್ಲಿ ದಾದಿಯರು ಅನೇಕರಿದ್ದಾರೆ, ಅವರಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡಿಗೆ ಎರಡು ವರ್ಷದ ಅವಧಿ. ಆದರೆ ಕೌಶಲವು ತರಬೇತಿಯಾದ ಮೂರರಿಂದ ಆರು ತಿಂಗಳಲ್ಲೇ ಕುಂದುತ್ತದೆ ಎಂದು ಅನೇಕ ಅಧ್ಯಯನಗಳು ಹೇಳಿವೆ. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು ಎಂಬುದು ಬಾಯಲ್ಲಿ ಇರುತ್ತದೆ, ಕೈಗೆ ಆ ಆಳ ಮರೆತಿರುತ್ತದೆ. ಆದ್ದರಿಂದಲೇ ಅದೇ ಸಂಸ್ಥೆ ಆಸ್ಪತ್ರೆಗಳ ಸಿಬ್ಬಂದಿಗಾಗಿ ಮೂರು ತಿಂಗಳಿಗೊಮ್ಮೆ ಗೊಂಬೆಯ ಮೇಲೆ ಸ್ವಲ್ಪ ಹೊತ್ತು ಮಾಡಿ ನೋಡುವ ಕ್ರಮವನ್ನೂ ತಂದಿದೆ. ನಮ್ಮ ಕಾರ್ಡು ಫೆಬ್ರವರಿಯಲ್ಲಿ ಚಾಲ್ತಿಯಲ್ಲಿಯೇ ಇತ್ತು. ಕೈ ಮಾತ್ರ ಚಾಲ್ತಿಯಲ್ಲಿರಲಿಲ್ಲ.

ಅಂಚೆಯವರ ಟೈಪಿಂಗ್

ಹಾಗಾದರೆ ಇನ್ನೂ ದೊಡ್ಡ ತರಬೇತಿ ಕೊಟ್ಟರೆ? ಒಂದು ದಿನದ ಬದಲು ಮೂರು ದಿನ? ಇದಕ್ಕೆ ಉತ್ತರ ಬ್ರಿಟನ್ನಿನ ಅಂಚೆ ಇಲಾಖೆಯ ಒಂದು ಪ್ರಯೋಗದಲ್ಲಿದೆ.

ಪತ್ರಗಳ ಮೇಲೆ ಪೋಸ್ಟ್‌ಕೋಡ್ ಬಂದ ಕಾಲ. (ನಮ್ಮ ದೇಶದ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು.) ಬ್ರಿಟನ್ನಿನಲ್ಲಿ ಪತ್ರ ವಿಂಗಡಿಸುವ ಯಂತ್ರಕ್ಕೆ ಆ ಕೋಡನ್ನು ಟೈಪ್ ಮಾಡಿ ಕೊಡಬೇಕಿತ್ತು. ಆದ್ದರಿಂದ ಅಂಚೆಯವರಿಗೆ ಕೀಲಿಮಣೆ ಕಲಿಸಬೇಕಾಯಿತು. ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ. ಇನ್ನೆರಡು ಗುಂಪುಗಳಿಗೆ ದಿನಕ್ಕೆ ಎರಡು ಗಂಟೆ, ಒಬ್ಬರಿಗೆ ಒಟ್ಟಿಗೆ, ಇನ್ನೊಬ್ಬರಿಗೆ ಬಿಡಿಸಿ. ಕೊನೆಯ ಗುಂಪಿಗೆ ಎರಡು ಗಂಟೆಯ ಪಾಠ ದಿನಕ್ಕೆ ಎರಡು ಸಲ, ಅಂದರೆ ನಾಲ್ಕು ಗಂಟೆ. ಫಲಿತಾಂಶ ಪ್ರಕಟವಾದದ್ದು 1978ರಲ್ಲಿ.

ದಿನಕ್ಕೆ ಒಂದು ಗಂಟೆಯವರು ಕೀಲಿಗಳನ್ನು ಕಲಿಯಲು ಒಟ್ಟು ಸುಮಾರು 35 ಗಂಟೆ ತೆಗೆದುಕೊಂಡರು. ದಿನಕ್ಕೆ ನಾಲ್ಕು ಗಂಟೆಯವರು ಅಷ್ಟೇ ಕಲಿಯಲು ಸುಮಾರು 50 ಗಂಟೆ ತೆಗೆದುಕೊಂಡರು. ಕೀಲಿಮಣೆ ಅದೇ, ಕಲಿಯಬೇಕಾದದ್ದೂ ಅದೇ, ಆದರೂ ಹದಿನೈದು ಗಂಟೆಯ ವ್ಯತ್ಯಾಸ! ಹಾಗೆಂದು ನಾಲ್ಕು ಗಂಟೆಯವರಿಗೆ ಲಾಭವೇ ಇರಲಿಲ್ಲ ಎನ್ನುವಂತಿಲ್ಲ. ಅವರು ಕಡಿಮೆ ದಿನಗಳಲ್ಲಿ ಮುಗಿಸಿದರು, ಒಂದು ಗಂಟೆಯವರಿಗೆ ಒಂದು ತಿಂಗಳು ದಾಟಿತು.

ನಮಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ತರಬೇತಿ ಹೇಗಿತ್ತು ಎಂದು ಕೇಳಿದಾಗ ಅತ್ಯಂತ ಕಡಿಮೆ ತೃಪ್ತಿ ಹೊಂದಿದ್ದವರು ಆ ದಿನಕ್ಕೊಂದು ಗಂಟೆಯವರೇ! ಗಂಟೆಗಳ ಲೆಕ್ಕದಲ್ಲಿ ಅವರೇ ಚೆನ್ನಾಗಿ ಕಲಿತಿದ್ದರು. ಆದರೆ ಪಕ್ಕದ ಗುಂಪು ಮುಂದೆ ಓಡುತ್ತಿದೆ, ನಾವು ಹಿಂದೆ ಬಿದ್ದಿದ್ದೇವೆ ಎಂದೇ ಅವರಿಗೆ ಅನ್ನಿಸುತ್ತಿತ್ತು. ಒಳ್ಳೆಯ ಅಭ್ಯಾಸ ಮಾಡುವಾಗ ಕಲಿತಂತೆ ಅನ್ನಿಸುವುದಿಲ್ಲ. ಇಡೀ ದಿನದ ತರಬೇತಿ ಮುಗಿದಾಗಲೋ ತಲೆ ತುಂಬಿದಂತೆ, ಏನೋ ಸಾಧಿಸಿದಂತೆ ಆಗುತ್ತದೆ. ಅಕ್ಟೋಬರ್‌ನ ಆ ಶನಿವಾರ ಸಂಜೆ ನಮಗೂ ಹಾಗೆಯೇ ಆಗಿತ್ತು. ‘ಅಭಿಪ್ರಾಯ ತಿಳಿಸಿ’ ಎಂಬ ಕಾಗದದಲ್ಲಿ ‘ಅತ್ಯುತ್ತಮ’ ಎಂದು ಗುರುತು ಹಾಕಿ ಬಂದವರು ನಾವು.

ಪುಸ್ತಕ ಮುಚ್ಚಿ ಕೇಳಿಕೊಳ್ಳುವುದು

ಸ್ವಲ್ಪ ಸ್ವಲ್ಪವಾಗಿ ಮಾಡಬೇಕು, ಸರಿ. ಆ ಸ್ವಲ್ಪ ಹೊತ್ತಿನಲ್ಲಿ ಏನು ಮಾಡಬೇಕು? ಅದೇ ಪುಟವನ್ನು ಮತ್ತೆ ಓದುವುದೇ?

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಪ್ರೌಢ ತರಗತಿಯ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಗಳಲ್ಲಿ ಹಾಳೆಯನ್ನು ನೋಡದೆ ನೆನಪಿಗೆ ಬಂದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಓದಿದವರೇ ಮುಂದೆ: ಅವರಿಗೆ ನೂರಕ್ಕೆ 83, ಬರೆದವರಿಗೆ 71. ಒಂದು ವಾರದ ನಂತರ ಮಾಡಿದ ಪರೀಕ್ಷೆಯಲ್ಲಿ ಓದಿದವರಿಗೆ 40, ನೋಡದೆ ಬರೆದವರಿಗೆ 61. ಪರೀಕ್ಷೆಗೆ ಮೊದಲು ‘ನನಗೆ ಚೆನ್ನಾಗಿ ನೆನಪಿರುತ್ತದೆ’ ಎಂದು ಹೆಚ್ಚು ಧೈರ್ಯವಾಗಿದ್ದವರು ಮಾತ್ರ ನಾಲ್ಕು ಸಲ ಓದಿದವರೇ.

ಪರೀಕ್ಷೆಯ ಹಿಂದಿನ ರಾತ್ರಿ ಹಳದಿ ಪೆನ್ನಿನಿಂದ ಗೆರೆ ಎಳೆಯುತ್ತಾ ಇಡೀ ಪುಸ್ತಕ ತಿರುವುವ ಮಕ್ಕಳು ಯಾರೆಂದು ನಮಗೆ ಗೊತ್ತು. ಹೆಸರು ಹೇಳುವುದಿಲ್ಲ!

ನಮ್ಮ ಹಿರಿಯರ ಮಗ್ಗಿ ಪಾಠದಲ್ಲಿ ಈ ಎರಡೂ ಇದ್ದವು. ಸಂಜೆ ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು ಕುಳಿತು ಮಗ್ಗಿ ಹೇಳುವುದು ಪ್ರತಿದಿನದ ಕೆಲಸವಾಗಿತ್ತು. ಒಂದೇ ದಿನ ಮೂರು ಗಂಟೆ ಯಾರೂ ಹೇಳಿಸುತ್ತಿರಲಿಲ್ಲ. ಪುಸ್ತಕವೂ ಎದುರಿಗೆ ಇರುತ್ತಿರಲಿಲ್ಲ. ಆದರೆ ಬರೀ ಸಾಲಾಗಿ ಹೇಳುವವರಿಗೆ ಒಂದು ತೊಂದರೆ ಇತ್ತು. ‘ಏಳೆಂಟ್ಲ ಎಷ್ಟು?’ ಎಂದು ತಟ್ಟನೆ ಕೇಳಿದರೆ ಏಳೊಂದ್ಲ ಏಳರಿಂದ ಏಣಿ ಹತ್ತಿಕೊಂಡು ಬರಬೇಕಾಗುತ್ತಿತ್ತು. ಆದ್ದರಿಂದ ಒಳ್ಳೆಯ ಮೇಷ್ಟ್ರು ಸಾಲು ತಪ್ಪಿಸಿ, ಅಲ್ಲೊಂದು ಇಲ್ಲೊಂದು ಕೇಳುತ್ತಿದ್ದರು. ಅಂಗಡಿಯಲ್ಲಿ ಲೆಕ್ಕ ಸಾಲಾಗಿ ಬರುವುದಿಲ್ಲ. ಕ್ಯಾಂಟೀನಿನಲ್ಲಿ ಆಪತ್ತೂ ಹಾಗೆಯೇ, ‘ಇದು ನಾಲ್ಕನೆಯ ಅಧ್ಯಾಯ’ ಎಂದು ಹೇಳಿಕೊಂಡು ಬರುವುದಿಲ್ಲ.

ಸಂಗೀತ ಕಲಿಯುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಎಂಬ ಪಾಠಕ್ರಮವನ್ನು ಮಾಯಾಮಾಳವಗೌಳ ರಾಗದಲ್ಲಿ ಪುರಂದರದಾಸರು ಹಾಕಿಕೊಟ್ಟರು ಎಂಬುದು ಪರಂಪರೆಯ ಮಾತು. ದೊಡ್ಡ ವಿದ್ವಾಂಸರೂ ಬೆಳಗಿನ ಸಾಧಕದಲ್ಲಿ ಆ ಮೊದಲ ಪಾಠಗಳಿಗೆ ಮರಳುತ್ತಾರೆ. ‘ಇದು ಆಗಲೇ ಪಾಸಾಗಿದೆ’ ಎಂದು ಅವರು ಬಿಡುವುದಿಲ್ಲ. ಅಲ್ಲಿ ಕೇಳುವ ಗುರುವೂ ಇರುತ್ತಾರೆ. ಅಪಸ್ವರವನ್ನು ನೂರು ಸಲ ಹಾಡಿದರೆ ಅಪಸ್ವರವೇ ಗಟ್ಟಿಯಾಗುತ್ತದೆ, ಅದನ್ನು ಕಳಚುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಕೆಲಸದ ಜಾಗದಲ್ಲಿ

ನಮ್ಮ ಪೋಷಕರಲ್ಲಿ ಬಹಳ ಮಂದಿ ಪ್ರತಿದಿನ ಇಂಥ ತರಬೇತಿಗಳ ನಡುವೆಯೇ ದುಡಿಯುವವರು. ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ ಅಹ್ಮದಿಯ ಕಡೆ ತೈಲ ಕ್ಷೇತ್ರದಲ್ಲಿ ಕೆಲಸ ಮಾಡುತ್ತಾರೆ. ಕ್ಯಾಂಟೀನಿನ ಕಥೆ ಕೇಳಿ ಅವರು ಹೇಳಿದ್ದು: “ಮೇಡಂ, ನಮ್ಮಲ್ಲಿ ಹಾಗೆ ಯೋಚಿಸುತ್ತಾ ನಿಂತರೆ ಆಯಿತು ಕಥೆ.”

ಅಲ್ಲಿನ ಅಪಾಯದ ಹೆಸರು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಪ್ರಮಾಣ ಕಡಿಮೆ ಇದ್ದಾಗ ಮೂಗಿಗೆ ತಿಳಿಯುತ್ತದೆ. ಹೆಚ್ಚಾದರೆ ಅದು ಮೂಗಿನ ಶಕ್ತಿಯನ್ನೇ ಮಂಕಾಗಿಸುತ್ತದೆ. ವಾಸನೆ ನಿಂತಿತು, ಅಪಾಯ ಹೋಯಿತು ಎಂದುಕೊಂಡವರು ಆಗಲೇ ದೊಡ್ಡ ಅಪಾಯದಲ್ಲಿರುತ್ತಾರೆ. ಅದು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಎಚ್ಚರಿಕೆಯ ಗಂಟೆ ಬಡಿದರೆ ಉಸಿರಾಟದ ಮುಖವಾಡ ಹಾಕಬೇಕು, ಗಾಳಿಚೀಲ ಯಾವ ಕಡೆ ಹಾರುತ್ತಿದೆ ಎಂದು ನೋಡಿ ಅನಿಲ ಬರುವ ದಿಕ್ಕಿನಿಂದ ಅಡ್ಡಕ್ಕೆ ಸರಿದು ಗಾಳಿ ಬೀಸಿ ಬರುವ ಕಡೆಗೆ ಹೋಗಬೇಕು. ಬಿದ್ದ ಗೆಳೆಯನನ್ನು ಎತ್ತಲು ಮುಖವಾಡವಿಲ್ಲದೆ ಓಡಬಾರದು. ಇವನ್ನೆಲ್ಲ ಆಗ ಕುಳಿತು ಯೋಚಿಸಲು ಸಮಯ ಎಲ್ಲಿದೆ? ಅದಕ್ಕೇ ಅಲ್ಲಿ ಪಾಳಿ ಶುರುವಾಗುವ ಮುನ್ನ ಐದು-ಹತ್ತು ನಿಮಿಷ ‘ಟೂಲ್ ಬಾಕ್ಸ್ ಟಾಕ್’ ಇರುತ್ತದೆ. ಕಟ್ಟಡ ಕೆಲಸದವರಿಗೂ ಇದು ಪರಿಚಿತ. “ಅದು ಬರೀ ಸಹಿ ಹಾಕುವ ಕೆಲಸವಾಗುವುದೂ ಉಂಟು” ಎಂದು ಅವರೇ ಒಪ್ಪಿಕೊಂಡರು. ಮೇಲ್ವಿಚಾರಕರು ಓದುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಅವರ ತಂಡದಲ್ಲಿ ಮಾತ್ರ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಒಬ್ಬರ ಕಡೆ ಕೈ ತೋರಿಸಿ ‘ಈಗ ಗಾಳಿ ಯಾವ ಕಡೆ?’ ಎಂದು ಕೇಳುತ್ತಿದ್ದರಂತೆ. ಈಗ ರಜೆಯಲ್ಲಿ ಊರಿಗೆ ಹೋದಾಗಲೂ ತಮ್ಮ ಕಣ್ಣು ಮೊದಲು ತೆಂಗಿನ ಗರಿ ಯಾವ ಕಡೆ ಬಾಗಿದೆ ಎಂದು ನೋಡುತ್ತದೆ ಎಂದು ಹೇಳಿ ಅವರು ನಕ್ಕರು.

ಜಗತ್ತಿಗೆಲ್ಲ ಗೊತ್ತಿರುವ ಒಂದು ಉದಾಹರಣೆಯೂ ಇದೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ ದಕ್ಷಿಣ ಗೋಪುರದಲ್ಲಿ ಮಾರ್ಗನ್ ಸ್ಟಾನ್ಲಿ ಕಂಪನಿಯ ಭದ್ರತೆಯ ಹೊಣೆ ಹೊತ್ತಿದ್ದವರು ರಿಕ್ ರೆಸ್ಕೋರ್ಲಾ. 1993ರಲ್ಲಿ ಆ ಕಟ್ಟಡದಲ್ಲಿ ಬಾಂಬ್ ಸ್ಫೋಟವಾದ ನಂತರ ಅವರು ಸಿಬ್ಬಂದಿಯನ್ನು ಮತ್ತೆ ಮತ್ತೆ ಮೆಟ್ಟಿಲು ಇಳಿಸಿ ತಾಲೀಮು ಮಾಡಿಸತೊಡಗಿದರು. ಫೋನು ಕೆಳಗಿಟ್ಟು, ಇಬ್ಬಿಬ್ಬರಾಗಿ, ಮೆಟ್ಟಿಲು ಹಿಡಿದು ಇಳಿಯಬೇಕು. ನಿಮಿಷಕ್ಕೆ ಲಕ್ಷಗಟ್ಟಲೆ ವ್ಯವಹಾರ ಮಾಡುವ ಜನ ಗೊಣಗಿದರು. ಅವರು ಬಿಡಲಿಲ್ಲ. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ, ದಕ್ಷಿಣ ಗೋಪುರದವರು ತಮ್ಮ ಜಾಗದಲ್ಲಿಯೇ ಇರಬೇಕೆಂಬ ಸೂಚನೆ ಬಂದರೂ ಅವರು ತಮ್ಮ ಜನರನ್ನು ಇಳಿಸಿದರು. ಆ ಕಂಪನಿಯ ಸುಮಾರು 2,700 ಮಂದಿಯಲ್ಲಿ ಬಹುತೇಕ ಎಲ್ಲರೂ ಬದುಕಿ ಉಳಿದರು. ಉಳಿದವರನ್ನು ಹುಡುಕಲು ಮತ್ತೆ ಮೇಲೆ ಹತ್ತಿದ ರೆಸ್ಕೋರ್ಲಾ ಹಿಂದಿರುಗಲಿಲ್ಲ.

ನಮ್ಮ ಗುರುವಾರ

ಕ್ಯಾಂಟೀನಿನ ಘಟನೆಯಾದ ಮರುವಾರವೇ ನಾವು ಆಯಾ ಅಕ್ಕನನ್ನು ಸ್ಟಾಫ್ ರೂಮಿಗೆ ಕರೆದೆವು. ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಎಂದು ನಿಶ್ಚಯವಾಯಿತು. ಪರದೆ ಇಲ್ಲ, ಭಾಷಣ ಇಲ್ಲ. ಒಂದು ಚೀಟಿ ಎತ್ತುವುದು, ಅದರಲ್ಲಿ ಬಂದದ್ದನ್ನು ನೋಡದೆ ಮಾಡಿ ತೋರಿಸುವುದು, ತಪ್ಪಿದ್ದರೆ ಉಳಿದವರು ತಿದ್ದುವುದು.

ಮೊದಲ ಗುರುವಾರ ಹನ್ನೊಂದು ಜನ ಸೇರಿದೆವು. ಸ್ಟಾಫ್ ರೂಮಿಗೆ ಅತ್ಯಂತ ಹತ್ತಿರದ ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂಬ ಪ್ರಶ್ನೆಗೆ ಸರಿ ಉತ್ತರ ಕೊಟ್ಟವರು ನಾಲ್ವರು. ಉಳಿದ ಏಳು ಜನರೂ ದಿನಕ್ಕೆ ಹತ್ತು ಸಲ ಅದರ ಮುಂದೆಯೇ ಓಡಾಡುವವರು! ಅದರ ಪಿನ್ ಎಳೆದು, ಜ್ವಾಲೆಯ ತುದಿಗಲ್ಲ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಆಡಿಸಬೇಕು ಎನ್ನುವುದನ್ನು ಪೂರ್ತಿ ಹೇಳಿದವರು ಇಬ್ಬರು. ಗೊಂಬೆಯ ಎದೆ ಒತ್ತುವಾಗ ನಮ್ಮ ವೇಗ ತೀರಾ ನಿಧಾನವಾಗಿದೆ ಎಂದು ದಾದಿಯಾಗಿರುವ ಪೋಷಕರೊಬ್ಬರು ತೋರಿಸಿಕೊಟ್ಟರು. ಈಗ ಮೊಬೈಲಿನ ತಾಳದ ಆಪ್ ಅನ್ನು ನಿಮಿಷಕ್ಕೆ 110ಕ್ಕೆ ಇಟ್ಟುಕೊಂಡು ಒತ್ತುತ್ತೇವೆ.

ಎಲ್ಲವೂ ಸುಗಮವಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರನೆಯ ವಾರಕ್ಕೆ ‘ಇದೆಲ್ಲ ಗೊತ್ತಿರುವುದೇ’ ಎಂಬ ಗೊಣಗಾಟ ಬಂತು. ವಾರ್ಷಿಕ ಪರೀಕ್ಷೆಯ ಸಮಯದಲ್ಲಿ ಒಮ್ಮೆ ಬರೀ ಮೂವರಿದ್ದೆವು. ಆಮೇಲೆ ಐದು ವಾರ ಪೂರ್ತಿ ನಿಂತೇ ಹೋಯಿತು. ಮತ್ತೆ ಶುರು ಮಾಡಿದ ದಿನ ಎಲ್ಲರಿಗೂ ನಾಚಿಕೆ. ಆದರೆ ಕೈಗಳು ಎರಡೇ ವಾರದಲ್ಲಿ ಹಿಂದಿನ ಹದಕ್ಕೆ ಬಂದವು, ಎಬ್ಬಿಂಗ್‌ಹೌಸ್ ಹೇಳಿದ ಆ ಉಳಿತಾಯ ಇದೇ ಇರಬೇಕು. ನಮ್ಮ ಅನುಭವದಲ್ಲಿ ಅಭ್ಯಾಸಕ್ಕೆ ಶತ್ರು ಸೋಮಾರಿತನವಲ್ಲ, ‘ಗೊತ್ತಿದೆ’ ಎನ್ನುವ ಭಾವನೆ. ಅದಕ್ಕೆ ಮದ್ದು ಚೀಟಿ ಎತ್ತುವುದೊಂದೇ. ಗೊತ್ತಿದೆ ಎಂದವರ ಕೈಗೇ ಮೊದಲ ಚೀಟಿ!

ಮನೆಯಲ್ಲಿ ಮಾಡಿ ನೋಡಿ

ಮಕ್ಕಳೇ, ನಿಮಗೆ ಕನ್ನಡದ ತರಗತಿ ವಾರಕ್ಕೆ ಎರಡೇ. ಭಾನುವಾರ ಕಲಿತ ಒತ್ತಕ್ಷರ ಬುಧವಾರಕ್ಕೆ ಹಾರಿಹೋಗಿರುತ್ತದೆ. ಅದರಲ್ಲಿ ನಿಮ್ಮ ತಪ್ಪಿಲ್ಲ, ಗೆರೆಯ ಆಕಾರವೇ ಹಾಗೆ. ವಾರದ ಕೊನೆಗೆ ಒಂದು ಗಂಟೆ ಕೂರುವ ಬದಲು ದಿನಕ್ಕೆ ಹತ್ತು ನಿಮಿಷ ಉಕ್ತಲೇಖನ ಬರೆಯಿರಿ. ಅಮ್ಮನೋ ಅಜ್ಜಿಯೋ ಹತ್ತು ಪದ ಹೇಳಲಿ, ಅಜ್ಜಿ ಊರಿನಲ್ಲಿದ್ದರೆ ಫೋನಿನಲ್ಲೇ ಹೇಳಲಿ. ಐದು ಇಂದಿನವು, ಮೂರು ಹೋದ ವಾರದವು, ಎರಡು ಹೋದ ತಿಂಗಳವು. ಮೊದಲು ನೋಡದೆ ಬರೆಯಬೇಕು, ಆಮೇಲೆ ಪುಸ್ತಕ ತೆರೆದು ನೀವೇ ತಿದ್ದಿಕೊಳ್ಳಬೇಕು. ತಪ್ಪಾದ ಪದ ನಾಳೆ ಮತ್ತೆ ಬರಲಿ, ಸರಿಯಾದದ್ದು ವಾರ ಬಿಟ್ಟು ಬರಲಿ. ಹೆಚ್ಚು ಕಾಲ ನೆನಪಿರಬೇಕಾದ ಪದಕ್ಕೆ ನಡುವಿನ ಬಿಡುವನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋಗಬಹುದು. ‘ಉಜ್ವಲ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಇವುಗಳಿಂದ ಶುರು ಮಾಡಿರಿ. ಈ ಮೂರರಲ್ಲಿ ನಮಗೆ ಬರುವ ಉತ್ತರಪತ್ರಿಕೆಗಳು ಬಹಳ ವೈವಿಧ್ಯಮಯವಾಗಿರುತ್ತವೆ.

ಪೋಷಕರಿಗೂ ಒಂದು ಪ್ರಶ್ನೆ. ನಿಮ್ಮ ಕಚೇರಿಯ ಗೋಡೆಯ ಮೇಲಿನ ಯಾವ ಸರ್ಟಿಫಿಕೇಟನ್ನು ಇವತ್ತು ಪುಸ್ತಕ ನೋಡದೆ ಮಾಡಿ ತೋರಿಸಬಲ್ಲಿರಿ? ಊಟದ ಮೇಜಿನಲ್ಲಿ ಮಕ್ಕಳಿಗೆ ಹೇಳಿಕೊಡಲು ಪ್ರಯತ್ನಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಗೆ ಗುರುತು ಹಾಕಿಕೊಳ್ಳಿ.

ಕ್ಯಾಂಟೀನಿನ ಘಟನೆಯಿಂದ ಹುಟ್ಟಿದ ಚೀಟಿ ನಮ್ಮ ಡಬ್ಬಿಯಲ್ಲಿ ಈಗಲೂ ಇದೆ. ಅದರ ಉತ್ತರ ಹೀಗಿದೆ: ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಶಬ್ದವೇ ಬಾರದಿದ್ದರೆ ಸಹಾಯಕ್ಕೆ ಕೂಗಿ, ಮುಂದಕ್ಕೆ ಬಾಗಿಸಿ, ಬೆನ್ನಿಗೆ ಐದು ಹೊಡೆತ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಒತ್ತು. ಮತ್ತೆ ಬೆನ್ನಿಗೆ ಐದು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯನ್ನು ಒತ್ತಬೇಕು. ಪ್ರಜ್ಞೆ ತಪ್ಪಿದರೆ ಸಿಪಿಆರ್ ಆರಂಭಿಸಿ, ಕುವೈತಿನಲ್ಲಿ 112ಕ್ಕೆ ಕರೆ ಮಾಡಿ. ಡಬ್ಬಿಗೆ ದ್ರಾಕ್ಷಿ ಹಾಕುವ ತಾಯಂದಿರು ಉದ್ದಕ್ಕೆ ಸೀಳಿ ಹಾಕಿರಿ.

ಓದಿದ್ದಾಯಿತು. ಈಗ ಪುಟ ಮುಚ್ಚಿ ಪಕ್ಕದಲ್ಲಿರುವವರಿಗೆ ಹೇಳಿ ನೋಡಿ. ಮಾಡಿ ನೋಡಬೇಕೆನಿಸಿದರೆ, ಮಕ್ಕಳನ್ನು ಕರೆದೊಯ್ಯಲು ಬರುವ ಪೋಷಕರು ಗುರುವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿಗೆ ಬರಬಹುದು. ಅಭ್ಯಾಸವನ್ನು ಗೊಂಬೆಯ ಮೇಲಷ್ಟೇ ಮಾಡುತ್ತೇವೆ, ಮಕ್ಕಳ ಮೇಲೆ ಮಾಡುವುದಿಲ್ಲ. ಗೊಂಬೆ ಸದ್ಯಕ್ಕೆ ಒಂದೇ ಇದೆ, ಇನ್ನೊಂದಕ್ಕೆ ಅರ್ಜಿ ಕೊಟ್ಟಿದ್ದೇವೆ. ಚೀಟಿಯ ಡಬ್ಬಿ ಆಯಾ ಅಕ್ಕನ ಬಳಿ ಇರುತ್ತದೆ.